ಕಾಣುವುದು ಒಂದು, ಉಳಿಯುವುದು ಇನ್ನೊಂದು: ಡ್ರಾಪ್‌ಡೌನ್ ಕೈಕೊಟ್ಟಾಗ ಎಲ್ಲಿ ನೋಡಬೇಕು

ಪುಸ್ತಕಗಳ ಎಂಟ್ರಿ ಫಾರಂ ತೆರೆದಿದ್ದೀರಿ. ‘ವಿಷಯ’ ಅನ್ನುವ ಕಡೆ ಬಾಣದ ಗುರುತು ಒತ್ತಿದಿರಿ. ಕತೆ, ಕಾವ್ಯ, ವಿಜ್ಞಾನ ಅಂತ ಹೆಸರುಗಳು ಬರಬೇಕಿತ್ತು, ಬಂದದ್ದು 1, 2, 3, 4. ಇಲ್ಲವೇ ಹೆಸರುಗಳು ಸರಿಯಾಗೇ ಬಂದವು, ‘ವಿಜ್ಞಾನ’ ಆರಿಸಿದಿರಿ, ಆದರೆ ಮುಂದಿನ ಪುಸ್ತಕಕ್ಕೆ ಹೋದರೂ ಅಲ್ಲೂ ‘ವಿಜ್ಞಾನ’ವೇ ಕೂತಿದೆ. ಇಲ್ಲವೇ ಮರುದಿನ ಫೈಲ್ ತೆರೆದರೆ ನಿನ್ನೆ ಆರಿಸಿದ್ದೆಲ್ಲ ಖಾಲಿ.

ಮೂರೂ ಬೇರೆ ಬೇರೆ ತೊಂದರೆ. ಆದರೆ ಇವುಗಳ ಬೇರು ಹೆಚ್ಚುಕಮ್ಮಿ ಒಂದೇ ಕಡೆ ಇದೆ. ಬಾಣ ಒತ್ತಿದರೆ ಪಟ್ಟಿ ತೆರೆಯುವ ಈ ಡ್ರಾಪ್‌ಡೌನ್ ನೋಡೋಕೆ ಒಂದೇ ಪೆಟ್ಟಿಗೆ. ಒಳಗೆ ಅದಕ್ಕೆ ಎರಡು ಬಾಗಿಲು. ಪಟ್ಟಿ ಒಂದು ಬಾಗಿಲಿನಿಂದ ಒಳಗೆ ಬರುತ್ತದೆ. ನೀವು ಆರಿಸಿದ್ದು ಇನ್ನೊಂದು ಬಾಗಿಲಿನಿಂದ ಟೇಬಲ್‌ಗೆ, ಅಂದರೆ ಡೇಟಾ ನಿಜಕ್ಕೂ ಉಳಿಯುವ ಜಾಗಕ್ಕೆ, ಹೋಗುತ್ತದೆ. ಈ ಎರಡನ್ನು ಬೇರೆ ಬೇರೆಯಾಗಿ ನೋಡುವ ಅಭ್ಯಾಸವಾದರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ನಾನು ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನ ಹೆಸರುಗಳನ್ನೇ ಬಳಸುತ್ತೇನೆ. ಈ ತೊಂದರೆ ನಾನು ಹೆಚ್ಚಾಗಿ ಕಂಡಿರೋದು ಅಲ್ಲೇ. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಎಲ್ಲಿ ದಾರಿ ಬೇರೆಯಾಗುತ್ತದೆ ಅನ್ನೋದನ್ನು ಕೊನೆಯ ಕಡೆಗೆ ಹೇಳುತ್ತೇನೆ.

ಫಾರಂ ಅನ್ನು ಡಿಸೈನ್ ವ್ಯೂನಲ್ಲಿ (ಫಾರಂನ ರಚನೆ ತಿದ್ದುವ ನೋಟ) ತೆರೆದು, ಡ್ರಾಪ್‌ಡೌನ್ ಮೇಲೆ ಕ್ಲಿಕ್ ಮಾಡಿ, ಅದರ ಸೆಟ್ಟಿಂಗ್‌ಗಳಿರುವ ಪ್ರಾಪರ್ಟಿ ಶೀಟ್‌ನ ಡೇಟಾ ಟ್ಯಾಬ್ ನೋಡಿ. ‘ರೋ ಸೋರ್ಸ್’ ಅಂತ ಒಂದಿದೆ. ಪಟ್ಟಿ ಬರುವ ಬಾಗಿಲು ಅದು. ‘ಕಂಟ್ರೋಲ್ ಸೋರ್ಸ್’ ಅಂತ ಇನ್ನೊಂದಿದೆ. ಆರಿಸಿದ್ದು ಹೋಗಿ ಸೇರುವ ಫೀಲ್ಡ್, ಅಂದರೆ ಟೇಬಲ್‌ನ ಕಾಲಂ, ಅದು. ಪಟ್ಟಿಯಲ್ಲಿ ಒಂದಕ್ಕಿಂತ ಜಾಸ್ತಿ ಕಾಲಂ ಇದ್ದಾಗ ಯಾವ ಕಾಲಂ ಟೇಬಲ್‌ಗೆ ಹೋಗಬೇಕು ಅಂತ ಹೇಳೋದು ‘ಬೌಂಡ್ ಕಾಲಂ’. ಪಕ್ಕದ ಫಾರ್ಮ್ಯಾಟ್ ಟ್ಯಾಬ್‌ನಲ್ಲಿ ‘ಕಾಲಂ ಕೌಂಟ್’ ಮತ್ತು ‘ಕಾಲಂ ವಿಡ್ತ್ಸ್’ ಇವೆ. ಎಷ್ಟು ಕಾಲಂ, ಯಾವುದು ಎಷ್ಟು ಅಗಲ ಅನ್ನೋದನ್ನು ಇವು ಹೇಳುತ್ತವೆ. ಮುಖ್ಯವಾದವು ಈ ಐದೇ.

ಏನನ್ನೂ ಮುಟ್ಟುವ ಮೊದಲು ಎರಡು ಕೆಲಸ ಮಾಡಿ. ಫೈಲ್‌ನ ಒಂದು ಕಾಪಿ ಇಟ್ಟುಕೊಳ್ಳಿ. ಆಮೇಲೆ ಫಾರಂ ಬಿಟ್ಟು ಟೇಬಲ್ ತೆರೆದು, ಅಲ್ಲಿ ನಿಜಕ್ಕೂ ಏನು ಸೇವ್ ಆಗಿದೆ ಅಂತ ಕಣ್ಣಾರೆ ನೋಡಿ. ಫಾರಂನಲ್ಲಿ ಕಾಣೋದು ಬರೀ ಮುಖ. ಎಷ್ಟೋ ಜನ ಗಂಟೆಗಟ್ಟಲೆ ಫಾರಂ ತಿದ್ದುತ್ತಾ ಕೂರುತ್ತಾರೆ, ಟೇಬಲ್ ಕಡೆ ಒಮ್ಮೆಯೂ ತಿರುಗಿ ನೋಡಿರೋದಿಲ್ಲ.

ಬರೀ ಅಂಕಿಗಳು ಕಾಣುತ್ತಿದ್ದರೆ

ಇದು ಹಾನಿಯಿಲ್ಲದ ತೊಂದರೆ. ವಿಷಯಗಳ ಟೇಬಲ್‌ನಲ್ಲಿ ಎರಡು ಕಾಲಂ ಇವೆ ಅಂದುಕೊಳ್ಳಿ: ಮೊದಲನೆಯದು ಐಡಿ (ಪ್ರತಿ ವಿಷಯಕ್ಕೂ ಕೊಟ್ಟ ಸಂಖ್ಯೆ), ಎರಡನೆಯದು ಹೆಸರು. ಕಾಲಂ ಕೌಂಟ್ 1 ಅಂತಿದ್ದರೆ ಆಕ್ಸೆಸ್ ಮೊದಲ ಕಾಲಂ ಮಾತ್ರ ತೋರಿಸುತ್ತದೆ, ಅಂದರೆ ಐಡಿ. ಅದನ್ನು 2 ಮಾಡಿ. ಕಾಲಂ ವಿಡ್ತ್ಸ್‌ನಲ್ಲಿ 0;5 ಅಂತ ಹಾಕಿ. ಮೊದಲ ಕಾಲಂ ಅಗಲ ಸೊನ್ನೆ ಆಗಿ ಮರೆಯಾಗುತ್ತದೆ, ಎರಡನೆಯದು ಕಾಣುತ್ತದೆ. ಬೌಂಡ್ ಕಾಲಂ ಮಾತ್ರ 1 ಆಗಿಯೇ ಇರಲಿ. ಟೇಬಲ್‌ಗೆ ಹೋಗಬೇಕಾದದ್ದು ಐಡಿಯೇ. ಪಟ್ಟಿ ಮುಚ್ಚಿದಾಗ ಪೆಟ್ಟಿಗೆಯಲ್ಲಿ ಕಾಣೋದು, ಅಗಲ ಸೊನ್ನೆಯಲ್ಲದ ಮೊದಲ ಕಾಲಂ. ಈ ಒಂದು ನಿಯಮ ನೆನಪಿದ್ದರೆ ಸಾಕು.

ಎಲ್ಲ ಕಾಲಂಗಳ ಅಗಲವೂ ಸೊನ್ನೆ ಆಗಿಬಿಟ್ಟರೆ ಪಟ್ಟಿ ಪೂರ್ತಿ ಬಿಳಿಯಾಗಿ ತೆರೆಯುತ್ತದೆ. ಮೌಸ್ ಆಡಿಸಿ ನೋಡಿ. ಖಾಲಿ ಸಾಲುಗಳ ಮೇಲೆ ಬಣ್ಣ ಸರಿದಾಡಿದರೆ ಸಾಲುಗಳು ಇವೆ, ಕಾಣ್ತಿಲ್ಲ ಅಷ್ಟೇ ಅಂತ ಅರ್ಥ.

ಸಾಲುಗಳೇ ಇಲ್ಲ ಅಂದರೆ ರೋ ಸೋರ್ಸ್ ನೋಡಬೇಕು. ಅದರ ಪಕ್ಕದ ಮೂರು ಚುಕ್ಕೆಯ ಬಟನ್ ಒತ್ತಿ, ಅಲ್ಲಿರುವ ಕ್ವೆರಿಯನ್ನು (ಟೇಬಲ್‌ನಿಂದ ಬೇಕಾದ್ದನ್ನು ತೆಗೆದುಕೊಡುವ ಆದೇಶ) ಅಲ್ಲೇ ಓಡಿಸಿ. ಕ್ವೆರಿಯಲ್ಲೇ ಏನೂ ಬರದಿದ್ದರೆ ಡ್ರಾಪ್‌ಡೌನ್ ತಪ್ಪಲ್ಲ. ಪಟ್ಟಿಯಲ್ಲಿ ಹೆಸರುಗಳ ಬದಲು ‘ಸೆಲೆಕ್ಟ್’ ಅಂತ ಶುರುವಾಗುವ ಕ್ವೆರಿಯ ವಾಕ್ಯವೇ ಕಂಡರೆ, ‘ರೋ ಸೋರ್ಸ್ ಟೈಪ್’ ಅನ್ನುವ ಕಡೆ ‘ಟೇಬಲ್/ಕ್ವೆರಿ’ ಇರಬೇಕಾದಲ್ಲಿ ‘ವ್ಯಾಲ್ಯೂ ಲಿಸ್ಟ್’ ಇದೆ. ಅದನ್ನು ಬದಲಿಸಿ.

ಪಟ್ಟಿ ತೆರೆಯುತ್ತೆ, ಆದರೆ ಆರಿಸಲು ಬಿಡಲ್ಲ

ಕ್ಲಿಕ್ ಮಾಡಿದರೆ ಟಿಣ್ ಅಂತ ಸದ್ದು ಬರುತ್ತೆ, ಏನೂ ಆಗಲ್ಲ. ಆಗ ಅದೇ ಫಾರಂನ ಬೇರೊಂದು ಫೀಲ್ಡ್‌ನಲ್ಲಿ ಒಂದಕ್ಷರ ಟೈಪ್ ಮಾಡಿ ನೋಡಿ. ಅಲ್ಲೂ ಆಗದಿದ್ದರೆ ತೊಂದರೆ ಡ್ರಾಪ್‌ಡೌನ್‌ನದ್ದಲ್ಲ, ಇಡೀ ಫಾರಂನದ್ದು. ಫಾರಂ ಹಿಂದಿನ ಕ್ವೆರಿಯಲ್ಲಿ ಗ್ರೂಪ್ ಮಾಡುವುದೋ ಮೊತ್ತ ಹಾಕುವುದೋ ಇದ್ದರೆ ಅದರಲ್ಲಿ ತಿದ್ದಲು ಬರುವುದಿಲ್ಲ. ‘ಅಲೋ ಎಡಿಟ್ಸ್’ಗೆ ನೋ ಅಂತ ಇರಬಹುದು. ಫೈಲ್ ರೀಡ್ ಓನ್ಲಿ ಆಗಿ ತೆರೆದಿರಬಹುದು. ಕೆಳಗಿನ ಎಡಮೂಲೆಯ ಸ್ಟೇಟಸ್ ಬಾರ್‌ನಲ್ಲಿ ಎಷ್ಟೋ ಸಲ ಕಾರಣವನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ ಮೂಲೆ ನೋಡೋದನ್ನು ರೂಢಿ ಮಾಡಿಕೊಳ್ಳಿ.

ಬೇರೆ ಫೀಲ್ಡ್ ಸರಿಯಿದ್ದು ಇದೊಂದೇ ಕೈಕೊಟ್ಟರೆ, ‘ಲಾಕ್ಡ್’ ಅನ್ನುವ ಕಡೆ ಎಸ್ ಇದೆಯೇ ನೋಡಿ. ಅಲ್ಲೂ ಸರಿಯಿದ್ದರೆ ಕಂಟ್ರೋಲ್ ಸೋರ್ಸ್ ನೋಡಿ. ಅದು ಆಟೋನಂಬರ್ ಫೀಲ್ಡ್‌ಗೆ (ಆಕ್ಸೆಸ್ ತಾನೇ ಸಂಖ್ಯೆ ತುಂಬುವ ಫೀಲ್ಡ್) ಅಂಟಿಕೊಂಡಿದ್ದರೆ, ಇಲ್ಲವೇ ಸಮ ಚಿಹ್ನೆಯಿಂದ ಶುರುವಾಗುವ ಲೆಕ್ಕ ಆಗಿದ್ದರೆ, ಅಲ್ಲಿ ಬರೆಯಲು ಜಾಗವೇ ಇಲ್ಲ.

ಆರಿಸಿದ್ದು ಎಲ್ಲಿಗೂ ಹೋಗುತ್ತಿಲ್ಲ

ಈಗ ನನ್ನನ್ನು ಕಾಡುವ ಜಾಗಕ್ಕೆ ಬಂದೆವು. ಒಮ್ಮೆ ಒಬ್ಬರು ಒಂದು ಫಾರಂ ತಂದು ತೋರಿಸಿದರು. ಬೆಳಗ್ಗೆಯಿಂದ ಕೂತು ನೂರಕ್ಕೂ ಹೆಚ್ಚು ಎಂಟ್ರಿ ಮಾಡಿದ್ದರು. ಪ್ರತಿಯೊಂದಕ್ಕೂ ಜೋಪಾನವಾಗಿ ವಿಷಯ ಆರಿಸಿದ್ದರು. ಟೇಬಲ್ ತೆರೆದೆ. ವಿಷಯದ ಕಾಲಂ ಮೇಲಿಂದ ಕೆಳಗಿನವರೆಗೂ ಖಾಲಿ. ಒಂದೇ ಒಂದು ಎರರ್ ಸಂದೇಶ ಬಂದಿರಲಿಲ್ಲ. ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಅವರದೇನೂ ತಪ್ಪಿರಲಿಲ್ಲ.

ಆ ಡ್ರಾಪ್‌ಡೌನ್‌ನ ಕಂಟ್ರೋಲ್ ಸೋರ್ಸ್ ಖಾಲಿ ಇತ್ತು. ಇಂಥದ್ದನ್ನು ಅನ್‌ಬೌಂಡ್ ಅನ್ನುತ್ತಾರೆ. ಎರಡನೇ ಬಾಗಿಲು ಯಾವ ಫೀಲ್ಡ್‌ಗೂ ತೆರೆದುಕೊಂಡಿಲ್ಲ. ಗುರುತಿಸೋದು ಸುಲಭ: ಒಂದು ರೆಕಾರ್ಡ್‌ನಲ್ಲಿ (ಟೇಬಲ್‌ನ ಒಂದು ಸಾಲು, ಇಲ್ಲಿ ಒಂದು ಪುಸ್ತಕ) ಆರಿಸಿದ್ದು ಮುಂದಿನ ರೆಕಾರ್ಡ್‌ನಲ್ಲೂ ಹಾಗೇ ಕೂತಿರುತ್ತದೆ. ರೆಕಾರ್ಡ್‌ಗಳು ಒಂದರ ಕೆಳಗೊಂದು ಕಾಣುವ ಕಂಟಿನ್ಯುಯಸ್ ಫಾರಂ ಆದರೆ, ಒಂದು ಸಾಲಿನಲ್ಲಿ ಬದಲಿಸಿದ ಕೂಡಲೇ ಎಲ್ಲ ಸಾಲುಗಳೂ ಬದಲಾಗುತ್ತವೆ. ಡಿಸೈನ್ ವ್ಯೂನಲ್ಲಿ ಪೆಟ್ಟಿಗೆಯೊಳಗೆ ಫೀಲ್ಡ್ ಹೆಸರಿನ ಬದಲು ‘ಅನ್‌ಬೌಂಡ್’ ಅಂತಲೇ ಬರೆದಿರುತ್ತದೆ.

ಇದು ಬಹುತೇಕ ವಿಝರ್ಡ್‌ನಲ್ಲಿ, ಅಂದರೆ ಪ್ರಶ್ನೆ ಕೇಳುತ್ತಾ ಡ್ರಾಪ್‌ಡೌನ್ ಮಾಡಿಕೊಡುವ ಸಾಧನದಲ್ಲಿ, ಆಗುವ ತಪ್ಪು. ಕಾಂಬೋ ಬಾಕ್ಸ್ (ಆಕ್ಸೆಸ್‌ನಲ್ಲಿ ಡ್ರಾಪ್‌ಡೌನ್‌ನ ಹೆಸರು) ವಿಝರ್ಡ್ ಕೊನೆಯ ಹೊತ್ತಿಗೆ ಒಂದು ಪ್ರಶ್ನೆ ಕೇಳುತ್ತದೆ: ಆರಿಸಿದ ಮೌಲ್ಯವನ್ನು ಆಮೇಲೆ ಬಳಸಲು ನೆನಪಿಟ್ಟುಕೊಳ್ಳಲೇ, ಅಥವಾ ಈ ಫೀಲ್ಡ್‌ನಲ್ಲಿ ಸೇವ್ ಮಾಡಲೇ? ನೆನಪಿಟ್ಟುಕೊಳ್ಳುವುದು ಅಂದರೆ ಸೇವ್ ಮಾಡುವುದೇ ಅಲ್ವಾ ಅಂತ ಯಾರಿಗಾದರೂ ಅನ್ನಿಸುತ್ತೆ. ಹಾಗಲ್ಲ. ಮೊದಲನೆಯದನ್ನು ಆರಿಸಿದರೆ ಡ್ರಾಪ್‌ಡೌನ್ ಅನ್‌ಬೌಂಡ್ ಆಗಿಯೇ ಉಳಿಯುತ್ತದೆ. ಪರಿಹಾರಕ್ಕೆ ಹತ್ತು ಸೆಕೆಂಡ್ ಸಾಕು, ಕಂಟ್ರೋಲ್ ಸೋರ್ಸ್‌ನಲ್ಲಿ ಫೀಲ್ಡ್ ಆರಿಸಿ. ಹೋದ ಎಂಟ್ರಿಗಳು ಮಾತ್ರ ವಾಪಸ್ ಬರುವುದಿಲ್ಲ.

ಇದರ ತಿರುವುಮುರುವಾದ ತಪ್ಪು ಇನ್ನೂ ಅಪಾಯದ್ದು. ಕೆಲವು ಫಾರಂಗಳ ತಲೆಯಲ್ಲಿ ‘ಹುಡುಕಿ’ ಅಂತ ಒಂದು ಡ್ರಾಪ್‌ಡೌನ್ ಇರುತ್ತದೆ. ಅದರಲ್ಲಿ ಪುಸ್ತಕದ ಹೆಸರು ಆರಿಸಿದರೆ ಆ ರೆಕಾರ್ಡ್‌ಗೆ ಹೋಗಬೇಕು. ಇದು ಅನ್‌ಬೌಂಡ್ ಆಗಿಯೇ ಇರಬೇಕು. ಯಾರೋ ಗೊತ್ತಿಲ್ಲದೆ ಅದಕ್ಕೆ ಕಂಟ್ರೋಲ್ ಸೋರ್ಸ್ ಕೊಟ್ಟರೆ, ಹುಡುಕಲು ಹೋದವರು ಎದುರಿಗಿದ್ದ ರೆಕಾರ್ಡ್‌ನ ಹೆಸರನ್ನೇ ಬದಲಿಸಿಬಿಡುತ್ತಾರೆ. ಹುಡುಕಿದಷ್ಟು ಸಲ ಒಂದೊಂದು ರೆಕಾರ್ಡ್ ಹಾಳು. ‘ಎರಡು ಪುಸ್ತಕಕ್ಕೆ ಒಂದೇ ಹೆಸರು ಹೇಗೆ ಬಂತು’ ಅಂತ ಯಾರಾದರೂ ಕೇಳಿದರೆ ನಾನು ಮೊದಲು ನೋಡೋದು ಈ ಹುಡುಕುವ ಪೆಟ್ಟಿಗೆಯನ್ನೇ.

ಸೇವ್ ಆಗುತ್ತೆ, ಆದರೆ ತಪ್ಪಾಗಿ

ಬೌಂಡ್ ಕಾಲಂ ತಪ್ಪಿದ್ದರೆ ಐಡಿ ಬದಲು ಹೆಸರು ಟೇಬಲ್ ಕಡೆಗೆ ಹೊರಡುತ್ತದೆ. ಟೇಬಲ್‌ನ ಫೀಲ್ಡ್ ನಂಬರ್ ಮಾದರಿಯದ್ದಾಗಿದ್ದರೆ, ಈ ಮೌಲ್ಯ ಈ ಫೀಲ್ಡ್‌ಗೆ ಹೊಂದುವುದಿಲ್ಲ ಅಂತ ಎರರ್ ಬರುತ್ತದೆ. ಇದು ಒಳ್ಳೆಯ ಎರರ್, ತಪ್ಪನ್ನು ಬಾಗಿಲಲ್ಲೇ ತಡೆಯಿತು. ಫೀಲ್ಡ್ ಟೆಕ್ಸ್ಟ್ ಮಾದರಿಯದ್ದಾದರೆ ತಡೆಯುವವರೇ ಇಲ್ಲ. ಹಳೆಯ ರೆಕಾರ್ಡ್‌ಗಳಲ್ಲಿ ‘4’, ಹೊಸದರಲ್ಲಿ ‘ವಿಜ್ಞಾನ’. ಅದಕ್ಕೇ ಐಡಿ ಇಡುವ ಫೀಲ್ಡ್ ಎರಡೂ ಟೇಬಲ್‌ಗಳಲ್ಲಿ ಒಂದೇ ಮಾದರಿಯದ್ದಾಗಿರಬೇಕು. ಆಟೋನಂಬರ್‌ಗೆ ಜೋಡಿಯಾಗಿ ಲಾಂಗ್ ಇಂಟಿಜರ್ ಅಳತೆಯ ನಂಬರ್ ಫೀಲ್ಡ್ ಇಡಿ.

ಇದಕ್ಕಿಂತ ಒಳಗಿನ ತಪ್ಪೊಂದಿದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬೌಂಡ್ ಕಾಲಂ ಎಣಿಕೆ 1ರಿಂದ ಶುರುವಾಗುತ್ತದೆ. ಆದರೆ ಕೋಡ್‌ನಲ್ಲಿ ‘ಕಾಲಂ’ ಅಂತ ಬರೆದು ಮೌಲ್ಯ ತೆಗೆಯುವಾಗ ಎಣಿಕೆ 0ಯಿಂದ. ಒಂದೇ ಡ್ರಾಪ್‌ಡೌನ್‌ಗೆ ಎರಡು ಲೆಕ್ಕ. ಕೋಡ್ ಬರೆದು ಅಭ್ಯಾಸ ಇರುವವರು, ಮೊದಲ ಕಾಲಂ ತಾನೇ ಅಂದುಕೊಂಡು ಬೌಂಡ್ ಕಾಲಂನಲ್ಲೂ 0 ಹಾಕುತ್ತಾರೆ. ಆಕ್ಸೆಸ್ ಬೇಡ ಅನ್ನುವುದಿಲ್ಲ. 0ಗೆ ಅಲ್ಲಿ ಬೇರೆಯೇ ಅರ್ಥವಿದೆ: ಆರಿಸಿದ್ದು ಪಟ್ಟಿಯಲ್ಲಿ ಎಷ್ಟನೇ ಸಾಲಿನಲ್ಲಿತ್ತೋ ಆ ಸಾಲಿನ ಸಂಖ್ಯೆಯನ್ನು ಅದು ಸೇವ್ ಮಾಡುತ್ತದೆ. ಮೊದಲ ಸಾಲಾದರೆ 0, ಎರಡನೆಯದಾದರೆ 1.

ಇವತ್ತು ಪಟ್ಟಿ ಹೀಗಿದೆ ಅಂದುಕೊಳ್ಳಿ: ಕತೆ, ಕಾವ್ಯ, ವಿಜ್ಞಾನ. ವಿಜ್ಞಾನಕ್ಕೆ 2 ಸೇವ್ ಆಯಿತು. ಫಾರಂನಲ್ಲೂ ವಿಜ್ಞಾನ ಅಂತಲೇ ಕಾಣುತ್ತೆ, ಎಲ್ಲ ಸರಿ. ನಾಳೆ ಯಾರೋ ‘ನಾಟಕ’ ಸೇರಿಸಿದರು. ಅಕ್ಷರ ಕ್ರಮದಲ್ಲಿ ಅದು ಮೂರನೇ ಸಾಲಿಗೆ ಬಂದು ಕೂತಿತು, ವಿಜ್ಞಾನ ನಾಲ್ಕಕ್ಕೆ ಇಳಿಯಿತು. ಆದರೆ ಹಳೆಯ ರೆಕಾರ್ಡ್‌ಗಳಲ್ಲಿ 2 ಹಾಗೇ ಇದೆ. ಈಗ ಎಲ್ಲ ವಿಜ್ಞಾನದ ಪುಸ್ತಕಗಳೂ ನಾಟಕಗಳಾದವು. ಯಾರೂ ಯಾವ ರೆಕಾರ್ಡನ್ನೂ ಮುಟ್ಟಿಲ್ಲ, ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಪಟ್ಟಿಗೆ ಹೊಸ ಹೆಸರು ಸೇರಿಸಿದ ಮೇಲೆ ಹಳೆಯದೆಲ್ಲ ಅದಲುಬದಲಾಯಿತು ಅಂತ ಯಾರಾದರೂ ಹೇಳಿದರೆ, ಬೌಂಡ್ ಕಾಲಂ ನೋಡಿ.

ಇನ್ನು ‘ಲಿಮಿಟ್ ಟು ಲಿಸ್ಟ್’. ಇದಕ್ಕೆ ಎಸ್ ಅಂತಿದ್ದರೆ ಪಟ್ಟಿಯಲ್ಲಿ ಇಲ್ಲದ್ದನ್ನು ಟೈಪ್ ಮಾಡಲು ಬಿಡುವುದಿಲ್ಲ. ಎಂಟ್ರಿ ಮಾಡುವವರಿಗೆ ಇದು ಕಿರಿಕಿರಿ ಅನ್ನಿಸಿ, ತೆಗೆದುಬಿಡಿ ಅನ್ನುತ್ತಾರೆ. ದಯವಿಟ್ಟು ಸುಮ್ನೆ ತೆಗೆಯಬೇಡಿ. ಹೆಸರನ್ನೇ ಸೇವ್ ಮಾಡುವ ಡ್ರಾಪ್‌ಡೌನ್‌ನಲ್ಲಿ ಇದನ್ನು ತೆಗೆದರೆ ‘ವಿಜ್ಞಾನ’, ‘ವಿಗ್ಯಾನ’, ‘ವಿಜ್ಞಾನ ಪುಸ್ತಕ’ ಎಲ್ಲ ಒಳಗೆ ಬರುತ್ತವೆ. ಐಡಿ ಮರೆಯಲ್ಲಿರುವ ಡ್ರಾಪ್‌ಡೌನ್ ಆದರೆ ಆಕ್ಸೆಸ್ ತಾನೇ ಇದನ್ನು ತೆಗೆಯಲು ಒಪ್ಪುವುದಿಲ್ಲ. ಹೊಸ ಹೆಸರು ನಿಜಕ್ಕೂ ಬೇಕಾಗುತ್ತದೆ ಅಂದರೆ ‘ಆನ್ ನಾಟ್ ಇನ್ ಲಿಸ್ಟ್’ ಅನ್ನುವ ಇವೆಂಟ್ (ಇಂಥದ್ದು ನಡೆದಾಗ ಇಂಥ ಕೋಡ್ ಓಡಲಿ ಅಂತ ಹೇಳುವ ಜಾಗ) ಬಳಸಿ. ‘ಇದು ಪಟ್ಟಿಯಲ್ಲಿಲ್ಲ, ಸೇರಿಸಲೇ’ ಅಂತ ಕೇಳಿ, ಒಪ್ಪಿದರೆ ವಿಷಯಗಳ ಟೇಬಲ್‌ಗೆ ಸೇರಿಸುವ ಹಾಗೆ ಮಾಡಬಹುದು.

ಕನ್ನಡದಲ್ಲಿ ಡೇಟಾ ತುಂಬುವವರಿಗೆ ಇಲ್ಲಿ ಒಂದು ಮಾತು. ಯೂನಿಕೋಡ್‌ನಲ್ಲಿ ‘ಕೊ’ ಅನ್ನೋದನ್ನು ಎರಡು ರೀತಿ ಬರೆಯಬಹುದು. ಕ ಅಕ್ಷರಕ್ಕೆ ಒತ್ವದ ಒಂದೇ ಚಿಹ್ನೆ ಹಾಕಬಹುದು. ಅಥವಾ ಎತ್ವದ ಚಿಹ್ನೆ, ಆಮೇಲೆ ದೀರ್ಘ ಊಕಾರದ ಚಿಹ್ನೆ, ಹೀಗೆ ಎರಡು ತುಂಡಾಗಿ ಹಾಕಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್ ಒಳಗೆ ಸಂಕೇತಗಳು ಬೇರೆ. ಇದರ ಜೊತೆಗೆ ಅರ್ಧಾಕ್ಷರಗಳ ನಂತರ ಕೀಬೋರ್ಡ್ ಸೇರಿಸುವ ಕಣ್ಣಿಗೆ ಕಾಣದ ಗುರುತುಗಳೂ ಇವೆ. ಪಟ್ಟಿಯಲ್ಲಿ ಎದುರಿಗೇ ಇರುವ ಹೆಸರನ್ನು ಟೈಪ್ ಮಾಡಿದರೂ ‘ಪಟ್ಟಿಯಲ್ಲಿ ಇಲ್ಲ’ ಅಂತ ಬಂದರೆ ಕಾರಣ ಇದೇ ಇರಬಹುದು. ಇಂಥ ಕಡೆ ಟೈಪ್ ಮಾಡೋದಕ್ಕಿಂತ ಆರಿಸುವುದೇ ಕ್ಷೇಮ.

ಒಂದರ ಮೇಲೆ ಒಂದು ನಿಂತ ಪಟ್ಟಿಗಳು

ವಿಷಯ ಆರಿಸಿದರೆ ಅದಕ್ಕೆ ತಕ್ಕ ಉಪವಿಷಯಗಳು ಮಾತ್ರ ಬರಬೇಕು. ಇಂಥ ಜೋಡಿ ಡ್ರಾಪ್‌ಡೌನ್‌ಗಳು ತುಂಬಾ ಉಪಯುಕ್ತ, ಮತ್ತು ತುಂಬಾ ಕಾಟ ಕೊಡುವವು ಕೂಡ. ಎರಡನೆಯದರ ಕ್ವೆರಿಯಲ್ಲಿ ‘ಮೊದಲ ಡ್ರಾಪ್‌ಡೌನ್‌ನಲ್ಲಿ ಏನಿದೆಯೋ ಆ ವಿಷಯದವು ಮಾತ್ರ’ ಅನ್ನುವ ಷರತ್ತು ಇರುತ್ತದೆ. ಮೊದಲನೆಯದು ಖಾಲಿ ಇದ್ದಾಗ ಎರಡನೆಯದೂ ಖಾಲಿ ಇರುವುದು ಸರಿಯೇ. ಫಾರಂ ತೆರೆದ ಕೂಡಲೇ ಪ್ಯಾರಾಮೀಟರ್ ಕೊಡಿ ಅಂತ ಪೆಟ್ಟಿಗೆ ಬಂದರೆ, ಷರತ್ತಿನಲ್ಲಿ ಬರೆದ ಫಾರಂ ಹೆಸರೋ ಡ್ರಾಪ್‌ಡೌನ್ ಹೆಸರೋ ತಪ್ಪಿದೆ. ಫಾರಂ ಇನ್ನೊಂದು ಫಾರಂ ಒಳಗೆ ಸಬ್‌ಫಾರಂ ಆಗಿ ಕೂತಾಗಲೂ ಹೀಗೇ ಆಗುತ್ತದೆ. ಅಲ್ಲಿಗೆ ಹೋಗುವ ವಿಳಾಸವೇ ಬದಲಾಗಿರುತ್ತದೆ.

ವಿಷಯ ಬದಲಿಸಿದರೂ ಉಪವಿಷಯದ ಪಟ್ಟಿ ಹಳೆಯದೇ ಕಾಣುತ್ತದೆಯೇ? ಪಟ್ಟಿ ಒಮ್ಮೆ ತುಂಬಿಕೊಂಡ ಮೇಲೆ ತಾನಾಗೇ ಮತ್ತೆ ತುಂಬಿಕೊಳ್ಳುವುದಿಲ್ಲ. ನಾವೇ ಹೇಳಬೇಕು. ಮೊದಲ ಡ್ರಾಪ್‌ಡೌನ್‌ನ ‘ಆಫ್ಟರ್ ಅಪ್‌ಡೇಟ್’ ಇವೆಂಟ್‌ನಲ್ಲಿ ಎರಡನೆಯದನ್ನು ‘ರೀಕ್ವೆರಿ’ ಮಾಡಿಸಬೇಕು. ಅಷ್ಟೇ ಸಾಲದು. ಫಾರಂನ ‘ಆನ್ ಕರೆಂಟ್’ ಇವೆಂಟ್‌ನಲ್ಲೂ ಮಾಡಿಸಬೇಕು. ಇಲ್ಲದಿದ್ದರೆ ಮುಂದಿನ ರೆಕಾರ್ಡ್‌ಗೆ ಹೋದಾಗ ಹಿಂದಿನ ಪಟ್ಟಿಯೇ ಉಳಿದಿರುತ್ತದೆ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಇನ್ನೊಂದು ಹೆಜ್ಜೆ ಬಾಕಿ ಇದೆ. ವಿಷಯ ವಿಜ್ಞಾನ, ಉಪವಿಷಯ ಖಗೋಳ ಅಂತಿತ್ತು. ನೀವು ವಿಷಯವನ್ನು ಕಾವ್ಯ ಮಾಡಿದಿರಿ. ಉಪವಿಷಯದ ಪಟ್ಟಿ ಬದಲಾಯಿತು, ಪೆಟ್ಟಿಗೆಯೂ ಖಾಲಿ ಕಾಣ್ತಿದೆ. ಆದರೆ ಟೇಬಲ್‌ನಲ್ಲಿ ಖಗೋಳದ ಐಡಿ ಹಾಗೇ ಇದೆ! ಹೊಸ ಪಟ್ಟಿಯಲ್ಲಿ ಆ ಐಡಿಗೆ ಹೆಸರು ಸಿಗದೆ ಪೆಟ್ಟಿಗೆ ಖಾಲಿ ಕಾಣಿಸಿತು, ಅಷ್ಟೇ. ಖಾಲಿ ಕಂಡದ್ದು ಖಾಲಿಯಲ್ಲ. ಅದಕ್ಕೇ ಆಫ್ಟರ್ ಅಪ್‌ಡೇಟ್‌ನಲ್ಲಿ ರೀಕ್ವೆರಿ ಮಾಡುವ ಜೊತೆಗೆ ಎರಡನೆಯದರ ಮೌಲ್ಯವನ್ನು ‘ನಲ್’, ಅಂದರೆ ನಿಜಕ್ಕೂ ಖಾಲಿ, ಮಾಡಬೇಕು. ಅನುಮಾನ ಇದ್ದರೆ ಕಂಟ್ರೋಲ್ ಮತ್ತು ಜಿ ಒತ್ತಿ ಇಮ್ಮೀಡಿಯೆಟ್ ವಿಂಡೋ ತೆರೆಯಿರಿ. ಪ್ರಶ್ನೆ ಚಿಹ್ನೆ ಹಾಕಿ ಫಾರಂ ಮತ್ತು ಡ್ರಾಪ್‌ಡೌನ್ ಹೆಸರು ಬರೆದು ಎಂಟರ್ ಒತ್ತಿ. ಒಳಗಿರುವ ನಿಜವಾದ ಮೌಲ್ಯ ಕಾಣುತ್ತದೆ.

ಕಂಟಿನ್ಯುಯಸ್ ಫಾರಂನಲ್ಲಿ ಇದೇ ಜೋಡಿ ಇಟ್ಟರೆ ಇನ್ನೊಂದು ವಿಚಿತ್ರ ಕಾಣುತ್ತದೆ. ನೀವಿರುವ ಸಾಲು ಸರಿಯಿರುತ್ತದೆ, ಬೇರೆ ವಿಷಯದ ಸಾಲುಗಳಲ್ಲಿ ಉಪವಿಷಯ ಮಾಯ. ಕೆಳಗಿನ ಸಾಲಿಗೆ ಹೋದರೆ ಅಲ್ಲಿ ಬರುತ್ತೆ, ಮೇಲಿನ ಸಾಲಿನದು ಮಾಯವಾಗುತ್ತೆ. ಡೇಟಾ ಎಲ್ಲಿಯೂ ಹೋಗಿಲ್ಲ, ಗಾಬರಿ ಬೇಡ. ಆ ಫಾರಂನಲ್ಲಿ ಇಪ್ಪತ್ತು ಡ್ರಾಪ್‌ಡೌನ್ ಕಂಡರೂ ಇರುವುದು ಒಂದೇ, ಪಟ್ಟಿಯೂ ಒಂದೇ. ಆ ಪಟ್ಟಿಯಲ್ಲಿ ಇಲ್ಲದ ಐಡಿ ಇರುವ ಸಾಲುಗಳೆಲ್ಲ ಖಾಲಿ ಕಾಣುತ್ತವೆ. ಫಾರಂನ ಕ್ವೆರಿಯಲ್ಲೇ ಉಪವಿಷಯದ ಹೆಸರನ್ನು ಜೋಡಿಸಿಕೊಂಡು, ಒಂದು ಟೆಕ್ಸ್ಟ್ ಬಾಕ್ಸ್‌ನಲ್ಲಿ ಆ ಹೆಸರು ತೋರಿಸಿ. ಅದನ್ನು ಡ್ರಾಪ್‌ಡೌನ್ ಮೇಲೆ, ಬಾಣದ ಗುರುತು ಮಾತ್ರ ಕಾಣುವಂತೆ ಕೂರಿಸಿ. ಅದರ ಮೇಲೆ ಕ್ಲಿಕ್ ಮಾಡಿದರೆ ಫೋಕಸ್ ಕೆಳಗಿನ ಡ್ರಾಪ್‌ಡೌನ್‌ಗೆ ಹೋಗುವಂತೆ ಮಾಡಿ. ನನಗೆ ಗೊತ್ತಿರುವ ಪರಿಹಾರಗಳಲ್ಲಿ ಇದೇ ಬಾಳಿಕೆ ಬಂದದ್ದು.

ಬಳಕೆ ಬಿಟ್ಟ ಹೆಸರುಗಳನ್ನು ಪಟ್ಟಿಯಿಂದ ಸೋಸಿದಾಗಲೂ ಹೀಗೇ. ಹೊಸ ಎಂಟ್ರಿಗೆ ಅನುಕೂಲ, ಹಳೆಯ ರೆಕಾರ್ಡ್‌ಗಳು ಖಾಲಿ. ಸೋಸುವ ಬದಲು ಅವನ್ನು ಪಟ್ಟಿಯ ಕೊನೆಗೆ ಇಳಿಸಿ, ಆರಿಸಿದರೆ ‘ಬಿಫೋರ್ ಅಪ್‌ಡೇಟ್’ನಲ್ಲಿ ತಡೆಯಿರಿ.

ನಿನ್ನೆವರೆಗೆ ಸರಿಯಿತ್ತು, ಹೊಸ ಕಂಪ್ಯೂಟರ್‌ನಲ್ಲಿ ಜೋಡಿ ಪಟ್ಟಿ ಕೆಲಸ ಮಾಡುತ್ತಿಲ್ಲ ಅಂದರೆ ಮೇಲುಗಡೆ ಹಳದಿ ಬಣ್ಣದ ಎಚ್ಚರಿಕೆಯ ಪಟ್ಟೆ ಬಂದಿದೆಯೇ ನೋಡಿ. ಫೈಲ್‌ನ ಮೇಲೆ ನಂಬಿಕೆ ಇಲ್ಲದ್ದರಿಂದ ಆಕ್ಸೆಸ್ ಕೋಡನ್ನು ನಿಲ್ಲಿಸಿರುತ್ತದೆ. ಇನ್ನೊಬ್ಬರು ಈಗಷ್ಟೇ ಸೇರಿಸಿದ ಹೆಸರು ನಿಮಗೆ ಕಾಣದಿದ್ದರೆ ಡ್ರಾಪ್‌ಡೌನ್ ಮೇಲೆ ನಿಂತು ಎಫ್ 9 ಒತ್ತಿ.

ಬೇರೆ ಕಡೆ ಇದೇ ಮಾತು

ಲಿಬ್ರೆಆಫೀಸ್ ಬೇಸ್ (ಆಕ್ಸೆಸ್‌ನಂಥದ್ದೇ ಇನ್ನೊಂದು ಸಾಫ್ಟ್‌ವೇರ್) ಬಳಸುವವರು ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ಕಾಂಬೋ ಬಾಕ್ಸ್ ಕಂಡ ಹೆಸರನ್ನೇ ಸೇವ್ ಮಾಡುತ್ತದೆ. ಹೆಸರು ತೋರಿಸಿ ಐಡಿ ಸೇವ್ ಮಾಡಬೇಕೆಂದರೆ ಲಿಸ್ಟ್ ಬಾಕ್ಸ್ ಬೇಕು. ಅದರ ಕ್ವೆರಿಯಲ್ಲಿ ಹೆಸರು ಮೊದಲು, ಐಡಿ ಆಮೇಲೆ. ಬೌಂಡ್ ಫೀಲ್ಡ್ ಎಣಿಕೆ ಅಲ್ಲಿ 0ಯಿಂದ, ಹಾಗಾಗಿ 1 ಅಂದರೆ ಎರಡನೇ ಕಾಲಂ. ಆಕ್ಸೆಸ್‌ನಿಂದ ಬಂದವರು ತಪ್ಪುವುದು ಇಲ್ಲೇ.

ವೆಬ್ ಫಾರಂಗಳಲ್ಲಿ ಪ್ರತಿ ಆಯ್ಕೆಗೂ ಕಾಣುವ ಹೆಸರು ಒಂದು, ‘ವ್ಯಾಲ್ಯೂ’ ಇನ್ನೊಂದು. ವ್ಯಾಲ್ಯೂ ಕೊಡದಿದ್ದರೆ ಹೆಸರೇ ಹೋಗುತ್ತದೆ. ‘ಡಿಸೇಬಲ್ಡ್’ ಆಗಿರುವ ಡ್ರಾಪ್‌ಡೌನ್‌ನಿಂದ ಏನೂ ಹೋಗುವುದಿಲ್ಲ, ಪರದೆಯ ಮೇಲೆ ಹೆಸರು ಕಾಣುತ್ತಿದ್ದರೂ ಸಹ. ಮತ್ತೆ, ಪಟ್ಟಿಯ ತಲೆಯಲ್ಲಿ ‘ಆರಿಸಿ’ ಅನ್ನುವ ಖಾಲಿ ಆಯ್ಕೆ ಇಡದಿದ್ದರೆ ಮೊದಲ ಹೆಸರು ತಾನಾಗೇ ಆಯ್ಕೆಯಾಗಿ ಕೂರುತ್ತದೆ. ಯಾರೂ ಆರಿಸದಿದ್ದರೂ ಅದು ಸೇವ್ ಆಗುತ್ತದೆ. ಒಂದೇ ವಿಷಯಕ್ಕೆ ನಂಬಲಾಗದಷ್ಟು ಎಂಟ್ರಿ ಬಂದಿದ್ದರೆ, ಅದು ಪಟ್ಟಿಯ ಮೊದಲ ಹೆಸರೇ ಅಂತ ನೋಡಿ.

ಡ್ರಾಪ್‌ಡೌನ್ ಸರಿಮಾಡಿದ ಮೇಲೆ ಅಷ್ಟು ದಿನ ಒಳಗೆ ಸೇರಿದ ಡೇಟಾ ಉಳಿದಿರುತ್ತದೆ. ಅದನ್ನು ಹಾಗೇ ಬಿಡಬೇಡಿ. ಆಕ್ಸೆಸ್‌ನಲ್ಲಿ ‘ಫೈಂಡ್ ಅನ್‌ಮ್ಯಾಚ್ಡ್ ಕ್ವೆರಿ ವಿಝರ್ಡ್’ ಅಂತ ಇದೆ. ಪುಸ್ತಕಗಳ ಟೇಬಲ್‌ನಲ್ಲಿರುವ ಯಾವ ಯಾವ ವಿಷಯದ ಐಡಿಗೆ ವಿಷಯಗಳ ಟೇಬಲ್‌ನಲ್ಲಿ ಜೋಡಿ ಇಲ್ಲ ಅಂತ ಅದು ಹುಡುಕಿ ಕೊಡುತ್ತದೆ. ಅವನ್ನು ಸರಿಮಾಡಿ, ಆಮೇಲೆ ಎರಡೂ ಟೇಬಲ್ ನಡುವೆ ರಿಲೇಶನ್‌ಶಿಪ್ ಎಳೆದು ‘ಎನ್‌ಫೋರ್ಸ್ ರೆಫರೆನ್ಶಿಯಲ್ ಇಂಟೆಗ್ರಿಟಿ’ಗೆ ಟಿಕ್ ಹಾಕಿ. ಜೋಡಿಯಿಲ್ಲದ ಒಂದೇ ಒಂದು ಐಡಿ ಉಳಿದಿದ್ದರೂ ಆಕ್ಸೆಸ್ ಒಪ್ಪುವುದಿಲ್ಲ. ಒಪ್ಪಿದರೆ ಆ ಮಟ್ಟಿಗೆ ಟೇಬಲ್ ಶುದ್ಧ. ಖಾಲಿ ಬಿಟ್ಟವನ್ನು ಅದು ತಡೆಯುವುದಿಲ್ಲ, ಅವನ್ನು ಬೇರೆಯಾಗಿ ಸೋಸಿ ನೋಡಬೇಕು. ಐಡಿ ಪಟ್ಟಿಯಲ್ಲಿದ್ದೂ ತಪ್ಪು ಪುಸ್ತಕಕ್ಕೆ ಅಂಟಿದ್ದರೆ ಯಾವ ಕ್ವೆರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಪುಸ್ತಕವನ್ನೇ ಕೈಗೆ ತೆಗೆದುಕೊಂಡು ಒಂದೊಂದೇ ಹೋಲಿಸಬೇಕು.